ತೋಟದ ಬಾಗಿಲು ಹೆಸರು ಕೇಳುವುದಿಲ್ಲ

ಹೂವಿನಹಡಗಲಿಯಿಂದ ಬೆಂಗಳೂರಿಗೆ ಹೋದವರು ಲಾಲ್‌ಬಾಗ್ ನೋಡದೆ ಮರಳುವುದು ಕಡಿಮೆ. ಮಲ್ಲಿಗೆಯ ಊರಿನವರಿಗೆ ಹೂದೋಟದ ಮೋಹ ಸಹಜ. ಇಲ್ಲಿಯ ಹೂಗಳು ತುಂಗಭದ್ರೆಯಲ್ಲಿ ಹಡಗೇರಿ ಹಂಪೆಗೆ ಹೋಗುತ್ತಿದ್ದವು, ಅದಕ್ಕೇ ಈ ಹೆಸರು ಬಂತು ಎಂದು ನಮ್ಮ ಹಿರಿಯರು ಹೇಳುತ್ತಾರೆ. ಆದರೆ ಫಲಪುಷ್ಪ ಪ್ರದರ್ಶನಕ್ಕೆ ಹೋಗಿ ಗಾಜಿನ ಮನೆಯ ಮುಂದೆ ಫೋಟೊ ತೆಗೆಸಿಕೊಳ್ಳುವವರಲ್ಲಿ, ಈ ತೋಟ ಯಾರದು ಎಂದು ಕೇಳಿಕೊಳ್ಳುವವರು ಎಷ್ಟು ಮಂದಿ?

1760ರಲ್ಲಿ ಈ ತೋಟಕ್ಕೆ ಅಡಿಪಾಯ ಹಾಕಿದವನು ಹೈದರಾಲಿ. ಹೊರದೇಶಗಳಿಂದ ಗಿಡ, ಬೀಜ ತರಿಸಿ ಬೆಳೆಸಿದವನು ಟಿಪ್ಪು. ಮಣ್ಣಿಗಿಳಿದು ದುಡಿದವರಲ್ಲಿ ತಿಗಳ ಸಮುದಾಯದವರ ಹೆಸರು ಮೊದಲು ಬರುತ್ತದೆ. ಗಾಜಿನ ಮನೆಗೆ 1889ರಲ್ಲಿ ಅಡಿಗಲ್ಲು ಇಟ್ಟವನು ಬ್ರಿಟನ್ನಿನ ರಾಜಕುಮಾರ. ಮುಂದೆ ಜರ್ಮನಿಯ ಕ್ರುಂಬಿಗಲ್ ಬಂದರು, ಅವರ ಬಳಿಕ ನಮ್ಮ ಜವರಾಯ, ಮರಿಗೌಡರು. ಇವರಲ್ಲಿ ಯಾರೊಬ್ಬರ ಹೆಸರು ಅಳಿಸಿದರೂ ಲಾಲ್‌ಬಾಗಿನ ಕಥೆ ಅರ್ಧವಾಗುತ್ತದೆ.

ಅಳಿಸುವ ಕೆಲಸ ಇಂದು ಭರದಿಂದ ನಡೆದಿದೆ. 2019ರಲ್ಲಿ ಸರ್ಕಾರ ಟಿಪ್ಪು ಜಯಂತಿಯನ್ನು ರದ್ದುಪಡಿಸಿತು. ಸರ್ಕಾರ ಜಯಂತಿ ಮಾಡಬೇಕೇ ಬೇಡವೇ ಎಂಬುದು ಬೇರೆಯೇ ಮಾತು. ಬೆಳಿಗ್ಗೆ ಟಿಪ್ಪುವಿನ ತೋಟದ ನೆರಳಲ್ಲಿ ನಡೆದಾಡಿ, ಸಂಜೆ ವೇದಿಕೆ ಹತ್ತಿ ಅವನಿಗೆ ಈ ನಾಡಿನಲ್ಲಿ ಜಾಗವಿಲ್ಲವೆನ್ನುವುದು ಯಾವ ನ್ಯಾಯ?

2022ರಲ್ಲಿ ಈ ದ್ವೇಷ ಸತ್ತ ಸುಲ್ತಾನನನ್ನು ಬಿಟ್ಟು ಬದುಕಿರುವ ಬಡವನ ಹೊಟ್ಟೆಗೆ ಬಿತ್ತು. ಕಾಪುವಿನ ಮಾರಿಗುಡಿ ಸೇರಿ ಕರಾವಳಿಯ ಹಲವು ಜಾತ್ರೆಗಳಲ್ಲಿ ಮುಸ್ಲಿಂ ವ್ಯಾಪಾರಿಗಳಿಗೆ ಜಾಗವಿಲ್ಲವೆಂದರು. ಅದಕ್ಕೆ 2002ರ ಧಾರ್ಮಿಕ ದತ್ತಿ ನಿಯಮದ ಆಸರೆಯನ್ನೂ ತೋರಿಸಿದರು. ಹೂವಿಗೆ ಜಾತಿಯಿಲ್ಲ, ಮಾರುವವನಿಗೆ ಮಾತ್ರ ಇದೆಯೇ? ಹಡಗಲಿಯ ಮಲ್ಲಿಗೆ ಗುಡಿಗೂ ಹೋಗುತ್ತದೆ, ದರ್ಗಾಕ್ಕೂ ಹೋಗುತ್ತದೆ, ಮದುಮಗಳ ಮುಡಿಗೂ ಏರುತ್ತದೆ. ಬಿಡಿಸಿದ ಕೈ ಯಾವುದೆಂದು ಯಾರೂ ವಿಚಾರಿಸುವುದಿಲ್ಲ.

ನಮ್ಮವರಿಗೂ ಒಂದು ಮಾತು ಹೇಳಬೇಕಿದೆ. ಲಾಲ್‌ಬಾಗ್ 'ನಮ್ಮ ಸುಲ್ತಾನರದು' ಎಂದು ಎದೆ ತಟ್ಟಿಕೊಂಡರೆ ಅದೂ ಬೇಲಿ ಹಾಕುವ ಕೆಲಸವೇ. ನೆಟ್ಟ ಗಿಡದಿಂದ ಮನುಷ್ಯನೋ ಹಕ್ಕಿಯೋ ಪ್ರಾಣಿಯೋ ಉಂಡರೆ ನೆಟ್ಟವನಿಗೆ ಅದು ಸದಕಾ ಎಂದು ಪ್ರವಾದಿಯವರು(ಸ) ಕಲಿಸಿದರು. ಉಣ್ಣುವವನ ಧರ್ಮ ಕೇಳಿ ಎಂದು ಕಲಿಸಲಿಲ್ಲ. ನವೆಂಬರಿನಲ್ಲಿ ಟಿಪ್ಪುವಿನ ಬಾವುಟ ಹಿಡಿಯುವ ಯುವಕರು ಮಳೆಗಾಲದಲ್ಲಿ ಊರಿನ ಶಾಲೆಯ ಅಂಗಳದಲ್ಲಿ ನಾಲ್ಕು ಸಸಿ ನೆಟ್ಟು ನೀರೆರೆಯಲಿ. ಅವನಿಗೆ ಸಲ್ಲಬೇಕಾದ ಗೌರವ ಅದೇ.

ಲಾಲ್‌ಬಾಗಿನ ಬಾಗಿಲಲ್ಲಿ ಚೀಟಿ ಕೇಳುತ್ತಾರೆ, ಹೆಸರು ಕೇಳುವುದಿಲ್ಲ. ಜಾತ್ರೆಯ ಬೀದಿಗೂ ಸಂತೆಯ ಕಟ್ಟೆಗೂ ಅಷ್ಟೇ ದೊಡ್ಡ ಬಾಗಿಲು ಬೇಕೆಂದು ಕೇಳುವುದು ಭಿಕ್ಷೆಯಲ್ಲ, ಈ ನಾಡಿನ ಮಕ್ಕಳ ಹಕ್ಕು.