ಅಳತೆ ಮತ್ತು ಆಶಯ

ಯಂತ್ರದ ಭಾಗ ಯಾವುದೇ ಆಗಲಿ, ಲೋಹದಲ್ಲಿ ಮೈದಳೆಯುವ ಮುನ್ನ ಅದು ನಕ್ಷೆಯಲ್ಲಿ ರೂಪುಗೊಳ್ಳಬೇಕು. ಕೆಲವು ದಶಕಗಳ ಹಿಂದಿನವರೆಗೂ ಈ ನಕ್ಷೆಗಳನ್ನು ಕಾಗದದ ಮೇಲೆ ಕೈಯಿಂದಲೇ ಬರೆಯುತ್ತಿದ್ದರು. ಓರೆಯಾಗಿ ನಿಲ್ಲಿಸಿದ ದೊಡ್ಡ ಹಲಗೆ, ಟೀ-ಸ್ಕ್ವೇರ್, ಕೈವಾರ, ಮೊನಚಾದ ಪೆನ್ಸಿಲು, ಇವೇ ನಕ್ಷೆಗಾರನ ಸಾಧನಗಳು. ಇಂದು ಆ ಹಲಗೆಯ ಸ್ಥಾನದಲ್ಲಿ ಗಣಕಯಂತ್ರವು ಬಂದು ಕುಳಿತಿದೆ. ಇದರಿಂದ ಒಂದು ಅಭಿಪ್ರಾಯವೂ ಹರಡಿದೆ. ಗುಂಡಿ ಒತ್ತುವುದನ್ನು ಕಲಿತರೆ ಸಾಲದೆ, ರೇಖಾಗಣಿತಕ್ಕಾಗಿ ತಲೆ ಕೆಡಿಸಿಕೊಳ್ಳುವುದೇಕೆ ಎಂದು ಅನೇಕರು ಕೇಳುತ್ತಾರೆ. ಈ ಅಭಿಪ್ರಾಯವನ್ನು ನಾನು ಒಪ್ಪಲಾರೆ. ಹೊಸ ಸಾಧನವು ಹಳೆಯದಕ್ಕಿಂತಲೂ ಹೆಚ್ಚಿನ ವಿವೇಚನೆಯನ್ನು ನಮ್ಮಿಂದ ಬೇಡುತ್ತದೆ ಎಂಬುದೇ ನನ್ನ ವಾದ.

ಗಣಕಯಂತ್ರದಲ್ಲಿ ನಕ್ಷೆ ಬರೆಯುವುದರಲ್ಲಿ ಎರಡು ಬಗೆಗಳುಂಟು. ಕಾಗದದ ಮೇಲೆ ಗೆರೆ ಎಳೆದಂತೆಯೇ ಪರದೆಯ ಮೇಲೆ ಗೆರೆ ಎಳೆಯುವುದು ಒಂದು ಬಗೆ. ಇನ್ನೊಂದರಲ್ಲಿ ಗೆರೆಗಳಿಗಿಂತ ಅವುಗಳ ನಡುವಣ ಸಂಬಂಧವೇ ಮುಖ್ಯ. ಈ ಗೆರೆ ಆ ಗೆರೆಗೆ ಸಮಾಂತರವಾಗಿರಲಿ, ಈ ವೃತ್ತದ ವ್ಯಾಸವು ಆ ಬಾಹುವಿನ ಅರ್ಧದಷ್ಟಿರಲಿ ಎಂದು ಯಂತ್ರಕ್ಕೆ ತಿಳಿಸುತ್ತೇವೆ. ಅಳತೆಗಳು ಬೀಜಗಣಿತದ ಅಕ್ಷರಗಳಂತೆ. ಅವುಗಳ ಬೆಲೆಯನ್ನು ಬೇಕಾದಾಗ ಬದಲಾಯಿಸಬಹುದು. ಇಂತಹ ರಾಶಿಗೆ ಗಣಿತದಲ್ಲಿ ಪ್ರಾಚಲ ಅಥವಾ ಪ್ಯಾರಾಮೀಟರ್ ಎಂದು ಹೆಸರು. ಆದುದರಿಂದಲೇ ಇದನ್ನು ಪ್ಯಾರಾಮೆಟ್ರಿಕ್ ತಂತ್ರಾಂಶವೆಂದು ಕರೆಯುತ್ತಾರೆ.

ಇದರ ಬೀಜವು 1963ರಷ್ಟು ಹಳೆಯದು. ಆ ವರ್ಷ ಐವನ್ ಸದರ್ಲೆಂಡ್ ಎಂಬ ತರುಣರು ಅಮೆರಿಕದ ಎಂ.ಐ.ಟಿ. ಸಂಸ್ಥೆಗೆ ಒಪ್ಪಿಸಿದ ಪ್ರೌಢಪ್ರಬಂಧದಲ್ಲಿ 'ಸ್ಕೆಚ್‌ಪ್ಯಾಡ್' ಎಂಬ ಕ್ರಮವಿಧಿಯನ್ನು ವಿವರಿಸಿದರು. ಬೆಳಕಿನ ಲೇಖನಿಯಿಂದ ಪರದೆಯ ಮೇಲೆ ಅಂಕುಡೊಂಕಾಗಿ ಬರೆದು, ಈ ಬಾಹುಗಳು ಸಮವಾಗಿರಲಿ, ಇವು ಸಮಾಂತರವಾಗಿರಲಿ ಎಂದು ಆಜ್ಞಾಪಿಸಿದರೆ ಯಂತ್ರವು ಆಕೃತಿಯನ್ನು ತಾನಾಗಿ ತಿದ್ದುತ್ತಿತ್ತು. ಆದರೆ ಈ ವಿಚಾರವು ಕಾರ್ಖಾನೆಗಳನ್ನು ಮುಟ್ಟಲು ಬಹುಕಾಲ ಹಿಡಿಯಿತು. ಸೋವಿಯತ್ ಒಕ್ಕೂಟದಿಂದ ಅಮೆರಿಕಕ್ಕೆ ಬಂದು ನೆಲೆಸಿದ ಗಣಿತಜ್ಞ ಸ್ಯಾಮ್ಯುಯೆಲ್ ಗೈಸ್‌ಬರ್ಗ್ 1985ರಲ್ಲಿ ಒಂದು ಸಂಸ್ಥೆಯನ್ನು ಸ್ಥಾಪಿಸಿದರು. ಅಲ್ಲಿ ಸಿದ್ಧವಾದ 'ಪ್ರೊ-ಎಂಜಿನಿಯರ್' ಎಂಬ ತಂತ್ರಾಂಶದಿಂದ ಈ ಪದ್ಧತಿಯು ಯಂತ್ರವಿನ್ಯಾಸದಲ್ಲಿ ಬೇರೂರಿತು.

ಇದರ ಉಪಯೋಗವನ್ನು ಒಂದು ಲೆಕ್ಕದಿಂದ ತಿಳಿಯಬಹುದು. ಒಂದು ಪೆಟ್ಟಿಗೆಯೊಳಗೆ ಎರಡು ಹಲ್ಲುಚಕ್ರಗಳು ಪರಸ್ಪರ ಕಚ್ಚಿಕೊಂಡು ತಿರುಗುತ್ತವೆ ಎನ್ನಿ. ಒಂದಕ್ಕೆ 20 ಹಲ್ಲು, ಇನ್ನೊಂದಕ್ಕೆ 40. ಹಲ್ಲಿನ ಗಾತ್ರವನ್ನು ಸೂಚಿಸುವ ಸಂಖ್ಯೆಗೆ ಮಾಡ್ಯೂಲ್ ಎನ್ನುತ್ತಾರೆ; ಅದು ಇಲ್ಲಿ 2 ಮಿಲಿಮೀಟರ್ ಆಗಿರಲಿ. ಹಲ್ಲುಗಳ ಸಂಖ್ಯೆಯನ್ನು ಮಾಡ್ಯೂಲಿನಿಂದ ಗುಣಿಸಿದರೆ ಚಕ್ರದ ವ್ಯಾಸ ದೊರೆಯುತ್ತದೆ. ಆದುದರಿಂದ ವ್ಯಾಸಗಳು 40 ಮತ್ತು 80. ಕೇಂದ್ರಗಳ ನಡುವಣ ದೂರ ಅವುಗಳ ಮೊತ್ತದ ಅರ್ಧ, ಅಂದರೆ 60 ಮಿಲಿಮೀಟರ್. ಈಗ ದೊಡ್ಡ ಚಕ್ರಕ್ಕೆ 50 ಹಲ್ಲುಗಳು ಬೇಕೆಂದಾಯಿತು. ಆ ದೂರ 70ಕ್ಕೆ ಏರುತ್ತದೆ. ಪೆಟ್ಟಿಗೆಯ ಗೋಡೆ ಸರಿಯಬೇಕು, ಮುಚ್ಚಳ ದೊಡ್ಡದಾಗಬೇಕು, ಬೋಲ್ಟುಗಳ ರಂಧ್ರಗಳು ಸ್ಥಳ ಬದಲಿಸಬೇಕು. ಕೈನಕ್ಷೆಯ ಕಾಲದಲ್ಲಿ ಇವೆಲ್ಲವನ್ನೂ ಒಂದೊಂದು ಹಾಳೆಯಲ್ಲಿಯೂ ಅಳಿಸಿ ತಿದ್ದಬೇಕಾಗಿತ್ತು. ಒಂದು ಹಾಳೆ ಮರೆತುಹೋದರೆ ಮುಚ್ಚಳವು ಪೆಟ್ಟಿಗೆಗೆ ಕೂರುತ್ತಿರಲಿಲ್ಲ. ಸಂಬಂಧಗಳನ್ನು ಸರಿಯಾಗಿ ಹೇಳಿಟ್ಟಿದ್ದ ಪಕ್ಷದಲ್ಲಿ, ಈಗ 40 ಎಂಬಲ್ಲಿ 50 ಎಂದು ಬರೆದರೆ ಉಳಿದುದೆಲ್ಲವೂ ತಾನಾಗಿ ಹೊಂದಿಕೊಳ್ಳುತ್ತದೆ.

'ಸರಿಯಾಗಿ ಹೇಳಿಟ್ಟಿದ್ದ ಪಕ್ಷದಲ್ಲಿ' ಎಂದೆ. ತೊಡಕೆಲ್ಲ ಇರುವುದು ಅಲ್ಲಿಯೇ. 100 ಮಿಲಿಮೀಟರ್ ಉದ್ದದ ಒಂದು ಲೋಹದ ತಟ್ಟೆಯ ನಡುವೆ ಒಂದು ರಂಧ್ರವಿದೆ. ಒಬ್ಬನು ಅದನ್ನು 'ಎಡ ಅಂಚಿನಿಂದ 50 ಮಿಲಿಮೀಟರ್' ಎಂದು ಗುರುತಿಸುತ್ತಾನೆ. ಇನ್ನೊಬ್ಬನು 'ಉದ್ದದ ನಟ್ಟನಡುವೆ' ಎನ್ನುತ್ತಾನೆ. ಪರದೆಯ ಮೇಲೆ ಎರಡೂ ಒಂದೇ ಚಿತ್ರ. ಆದರೆ ಉದ್ದವನ್ನು 140ಕ್ಕೆ ಹೆಚ್ಚಿಸಿ ನೋಡಿ. ಮೊದಲನೆಯವನ ರಂಧ್ರ 50ರಲ್ಲಿಯೇ ನಿಲ್ಲುತ್ತದೆ. ಎರಡನೆಯವನದು 70ಕ್ಕೆ ಸರಿಯುತ್ತದೆ. ಯಾವುದು ಸರಿ? ತಟ್ಟೆಯು ಸಮತೂಕವಾಗಿ ತೂಗಬೇಕಾದುದಾದರೆ ಎರಡನೆಯದು. ಈಗಾಗಲೇ ಗೋಡೆಯಲ್ಲಿ ನೆಟ್ಟ ಬೋಲ್ಟಿಗೆ ಅದು ಕೂರಬೇಕಾದರೆ ಮೊದಲನೆಯದು. ಯಂತ್ರಕ್ಕೆ ಇದು ತಿಳಿಯದು. ಅಳತೆಯನ್ನು ಯಾರು ಬೇಕಾದರೂ ಓದಿ ಹೇಳಬಹುದು. ಆ ಅಳತೆಯ ಹಿಂದಿನ ಆಶಯವನ್ನು ಬಲ್ಲವನು ವಿನ್ಯಾಸಕನೊಬ್ಬನೇ.

ಪೀಣ್ಯದ ಕಾರ್ಯಾಗಾರಗಳಿರಲಿ, ಬೆಂಗಳೂರಿನ ವಿನ್ಯಾಸ ಕಚೇರಿಗಳಿರಲಿ, ಒಬ್ಬನು ರಚಿಸಿದ ಮಾದರಿಯನ್ನು ವರ್ಷಗಳ ಬಳಿಕ ಇನ್ನೊಬ್ಬನು ತೆರೆದು ಬದಲಾಯಿಸುವ ಪ್ರಸಂಗ ಬರುತ್ತಲೇ ಇರುತ್ತದೆ. ಮಾದರಿಯು ಹಂತಹಂತವಾಗಿ ಬೆಳೆದಿರುತ್ತದೆ. ಪ್ರತಿ ಹಂತವೂ ಹಿಂದಿನದನ್ನು ಆಧರಿಸಿರುತ್ತದೆ. ಅವಸರದಲ್ಲಿ ಕಟ್ಟಿದ ಮಾದರಿಯಲ್ಲಿ ಒಂದು ಅಳತೆ ಬದಲಾದೊಡನೆ, ಅಡಿಗಲ್ಲು ಕಿತ್ತ ಗೋಡೆಯಂತೆ, ಮೇಲಿನದೆಲ್ಲವೂ ಕುಸಿಯುತ್ತದೆ. ಆಗ ಹೊಸಬನು ದಿನಗಟ್ಟಲೆ ದುಡಿದು ಅದನ್ನು ಮೊದಲಿನಿಂದ ಕಟ್ಟಬೇಕು. ತಂತ್ರಾಂಶದ ಕೊರತೆಯಿಂದಲೂ ಹೀಗಾಗುವುದುಂಟು. 'ಫ್ರೀಕ್ಯಾಡ್' ಎಂಬ ತಂತ್ರಾಂಶವು ವಸ್ತುವಿನ ಮುಖಗಳನ್ನು ಕ್ರಮಸಂಖ್ಯೆಯಿಂದ ನೆನಪಿಡುತ್ತಿತ್ತು. ಹಿಂದಿನ ಹಂತದಲ್ಲಿ ಒಂದು ಮೂಲೆಯನ್ನು ಕತ್ತರಿಸಿದರೆ ಸಂಖ್ಯೆಗಳು ಪಲ್ಲಟವಾಗಿ, ಒಂದು ಮುಖದ ಮೇಲಿದ್ದ ರಂಧ್ರವು ಇನ್ನೊಂದಕ್ಕೆ ಹಾರಿಬಿಡುತ್ತಿತ್ತು! 2024ರ ಆವೃತ್ತಿಯಲ್ಲಿ ಈ ದೋಷವನ್ನು ಬಹುಮಟ್ಟಿಗೆ ನಿವಾರಿಸಿದರು. ಆದರೆ ಆಶಯವನ್ನೇ ತಪ್ಪಾಗಿ ಹೇಳಿದವನಿಗೆ ಯಾವ ಆವೃತ್ತಿಯೂ ನೆರವಾಗದು.

ಒಮ್ಮೆ ಮಾಡಿ ಮುಗಿಸುವ ಸರಳ ವಸ್ತುವಿಗೆ ಇಷ್ಟೊಂದು ಕಟ್ಟುಪಾಡು ಬೇಕಿಲ್ಲ, ನಿಜ. ಆದರೆ ಬದಲಾವಣೆಯೇ ಇಲ್ಲದ ಯಂತ್ರವಿನ್ಯಾಸ ಅಪರೂಪ.

ಇನ್ನು ರೇಖಾಗಣಿತದ ಮಾತು. ಮೂರು ಬಾಹುಗಳು ತಿಳಿದರೆ ತ್ರಿಭುಜವು ನಿಶ್ಚಿತ, ಮೂರು ಕೋನಗಳು ಮಾತ್ರ ತಿಳಿದರೆ ಅದರ ಗಾತ್ರ ಅನಿಶ್ಚಿತ ಎಂದು ನೀವು ತರಗತಿಯಲ್ಲಿ ಕಲಿಯುತ್ತೀರಿ. ಈ ತಂತ್ರಾಂಶಗಳು ಹಗಲಿರುಳೂ ಮಾಡುವುದು ಇದೇ ಲೆಕ್ಕವನ್ನು. ಫ್ರೀಕ್ಯಾಡನ್ನು ಹಣ ತೆರದೆ ಬಳಸಬಹುದು. ಶಾಲೆಯ ಗಣಕಯಂತ್ರದಲ್ಲಿ ಪರೀಕ್ಷಿಸಿ ನೋಡಿರಿ. 3, 4, 5 ಸೆಂಟಿಮೀಟರ್ ಬಾಹುಗಳ ತ್ರಿಭುಜವನ್ನು ಬರೆದು, ಮೊದಲೆರಡು ಬಾಹುಗಳ ನಡುವೆ ಲಂಬಕೋನವೂ ಇರಲಿ ಎಂದರೆ, ಈ ನಿಬಂಧನೆ ಅನಾವಶ್ಯಕವೆಂದು ಅದು ಎಚ್ಚರಿಸುತ್ತದೆ. ಪೈಥಾಗೊರಸನ ಪ್ರಮೇಯವನ್ನು ಬಲ್ಲವರಿಗೆ ಕಾರಣ ಹೊಳೆಯುತ್ತದೆ. ಲಂಬಕೋನವನ್ನು ಹಾಗೆಯೇ ಉಳಿಸಿ 5ನ್ನು 6 ಮಾಡಿದರೆ, ನಿಬಂಧನೆಗಳಲ್ಲಿ ಪರಸ್ಪರ ವಿರೋಧವಿದೆ ಎನ್ನುತ್ತದೆ. ಕೊನೆಗೆ ಲಂಬಕೋನವನ್ನು ತೆಗೆದು ಮೂರು ಬಾಹುಗಳನ್ನು ಮಾತ್ರ ಉಳಿಸಿರಿ. ಆಕೃತಿ ಪೂರ್ಣವಾಗಿ ನಿಶ್ಚಯವಾಯಿತೆಂದು ನಾವು ತಿಳಿಯುವಾಗ, ಇನ್ನೂ 3 ಸ್ವಾತಂತ್ರ್ಯಗಳು ಉಳಿದಿವೆಯೆಂದು ಪರದೆಯು ತೋರಿಸುತ್ತದೆ. ತ್ರಿಭುಜವು ಅಡ್ಡಲಾಗಿ ಸರಿಯಬಲ್ಲದು, ಮೇಲೆ ಕೆಳಗೆ ಸರಿಯಬಲ್ಲದು, ನಿಂತಲ್ಲಿಯೇ ತಿರುಗಬಲ್ಲದು.