ಆಟಗಾರನೂ ಅವನ ಊರೂ

(ಅಂತಿಮ ಬಿ.ಎ. ವಿದ್ಯಾರ್ಥಿ, ಅಡ್ಡಗದ್ದೆ)

ಹೆಸರಾದ ಆಟಗಾರನೊಬ್ಬನು ತನ್ನ ತಂಡವನ್ನು ಬಿಟ್ಟು ಬೇರೊಂದು ತಂಡವನ್ನು ಸೇರಿದನೆಂದರೆ, ನಮ್ಮ ಜನರ ಬಾಯಲ್ಲಿ ಮೊದಲು ಬರುವ ಮಾತು 'ಉಂಡ ಮನೆಗೆ ಎರಡು ಬಗೆದ' ಎಂಬುದು. ಆಟಗಾರನು ತನ್ನನ್ನು ಬೆಳೆಸಿದ ಊರಿಗೆ ಋಣಿಯೆಂಬುದನ್ನು ಯಾರೂ ಅಲ್ಲಗಳೆಯಲಾರರು. ಆದರೆ ಆ ಋಣ ಎಂಥದು, ಅದನ್ನು ತೀರಿಸುವ ಬಗೆ ಯಾವುದು, ಊರಿಗೂ ಆಟಗಾರನ ಋಣವೆಂಬುದು ಏನಾದರೂ ಉಂಟೋ ಇಲ್ಲವೋ ಎಂದು ಕೇಳುವವರು ಕಡಿಮೆ. ಈ ವಿಷಯವಾಗಿ ನನಗೆ ತೋಚಿದ ನಾಲ್ಕು ಮಾತುಗಳನ್ನು ವಾಚಕರ ಮುಂದಿಡಬಯಸುತ್ತೇನೆ.

೨೦೨೫ರ ಜನವರಿಯಲ್ಲಿ ವಿಜಯ್ ಹಜಾರೆ ಟ್ರೋಫಿಯ ಅಂತಿಮ ಪಂದ್ಯ ವಡೋದರದಲ್ಲಿ ನಡೆಯಿತು. ಒಂದು ಕಡೆ ಕರ್ನಾಟಕ, ಇನ್ನೊಂದು ಕಡೆ ವಿದರ್ಭ. ವಿದರ್ಭದ ನಾಯಕರಾಗಿ ಮೈದಾನಕ್ಕಿಳಿದವರು ನಮ್ಮ ಕರುಣ್ ನಾಯರರು. 'ನಮ್ಮ' ಎಂದು ಬರೆದೆನಷ್ಟೆ. ಅವರು ಹುಟ್ಟಿದ್ದು ಜೋಧಪುರದಲ್ಲಿ, ಮನೆಯ ಮಾತು ಮಲಯಾಳ, ಬೆಳೆದದ್ದು ಬೆಂಗಳೂರಿನಲ್ಲಿ. ಕರ್ನಾಟಕವು ೨೦೧೩-೧೪ ಮತ್ತು ೨೦೧೪-೧೫ರಲ್ಲಿ ಎರಡು ವರ್ಷ ಸಾಲಾಗಿ ರಣಜಿ ಟ್ರೋಫಿಯನ್ನು ಗೆದ್ದಾಗ ಅವರು ತಂಡದಲ್ಲಿದ್ದರು; ಎರಡನೆಯ ಸಲ ತಮಿಳುನಾಡಿನ ವಿರುದ್ಧ ಅಂತಿಮ ಪಂದ್ಯದಲ್ಲಿ ೩೨೮ ಓಟಗಳನ್ನು ಗಳಿಸಿದರು. ೨೦೧೬ರ ಡಿಸೆಂಬರಿನಲ್ಲಿ ಚೆನ್ನೈಯಲ್ಲಿ ಇಂಗ್ಲೆಂಡಿನ ವಿರುದ್ಧ ಔಟಾಗದೆ ೩೦೩ ಓಟಗಳನ್ನು ಗಳಿಸಿ, ವೀರೇಂದ್ರ ಸೆಹ್ವಾಗರ ತರುವಾಯ ಟೆಸ್ಟಿನಲ್ಲಿ ತ್ರಿಶತಕ ಬಾರಿಸಿದ ಎರಡನೆಯ ಭಾರತೀಯರೆನಿಸಿದರು. ಅಂದು ಅವರ ಜನ್ಮಸ್ಥಳವನ್ನಾಗಲಿ ಮನೆಮಾತನ್ನಾಗಲಿ ಯಾರೂ ವಿಚಾರಿಸಲಿಲ್ಲ. ಎಲ್ಲರೂ ಕನ್ನಡಿಗನೆಂದೇ ಕರೆದರು, ಸರಿಯಾಗಿಯೇ ಕರೆದರು.

ಅಂಥವರಿಗೆ ೨೦೨೨ರ ಹೊತ್ತಿಗೆ ಕರ್ನಾಟಕದ ತಂಡದಲ್ಲಿ ಸ್ಥಾನವಿಲ್ಲದಂತಾಯಿತು. ಒಂದು ಕಾಲಕ್ಕೆ ಈ ತಂಡದ ನಾಯಕತ್ವವನ್ನೂ ವಹಿಸಿದ್ದವರು, ತನಗೆ ಇನ್ನೊಂದು ಅವಕಾಶ ಕೊಡೆಂದು ಕ್ರಿಕೆಟ್ಟನ್ನೇ ಬೇಡಿಕೊಂಡು ಆ ವರ್ಷದ ಡಿಸೆಂಬರಿನಲ್ಲಿ ಸಾರ್ವಜನಿಕವಾಗಿ ಬರೆದುಕೊಂಡರು. ೨೦೨೩ರಲ್ಲಿ ವಿದರ್ಭವನ್ನು ಸೇರಿದರು. ಮೇಲೆ ಹೇಳಿದ ವಿಜಯ್ ಹಜಾರೆ ಪಂದ್ಯಾವಳಿಯಲ್ಲಿ ಎಂಟು ಇನ್ನಿಂಗ್ಸುಗಳಲ್ಲಿ ೭೭೯ ಓಟಗಳು, ಐದು ಶತಕಗಳು. ಔಟಾದದ್ದು ಎರಡೇ ಸಲ. ಅದೇ ಸಾಲಿನ ರಣಜಿಯಲ್ಲಿ ೮೬೩ ಓಟಗಳು, ಕೇರಳದ ವಿರುದ್ಧ ಅಂತಿಮ ಪಂದ್ಯದಲ್ಲಿ ಶತಕ, ವಿದರ್ಭಕ್ಕೆ ಟ್ರೋಫಿ. ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆಗೆ ಇದಕ್ಕಿಂತ ಒಳ್ಳೆಯ ವ್ಯಾಖ್ಯಾನ ಬೇಕಿಲ್ಲ.

ಆದಾಗ್ಯೂ ಆ ಅಂತಿಮ ಪಂದ್ಯದ ದಿನ ನಮ್ಮ ಸಹಪಾಠಿಗಳ ನಡುವೆ ಕೇಳಿಬಂದ ಮಾತುಗಳು ಬೇರೆ. 'ಕರ್ನಾಟಕದಲ್ಲಿ ಕಲಿತು ಕರ್ನಾಟಕಕ್ಕೇ ಎದುರು ನಿಂತನಲ್ಲ' ಎಂದವರೇ ಹೆಚ್ಚು. ಈ ಆಕ್ಷೇಪಣೆಯನ್ನು ಸ್ವಲ್ಪ ತೂಗಿ ನೋಡೋಣ. ನಮ್ಮ ದೇಶದಲ್ಲಿ ಆಟಗಾರನು ಒಂದು ರಾಜ್ಯ ಬಿಟ್ಟು ಇನ್ನೊಂದಕ್ಕೆ ಆಡಬೇಕಾದರೆ ಮೊದಲ ರಾಜ್ಯದ ಸಂಸ್ಥೆಯಿಂದ ನಿರಾಕ್ಷೇಪಣಾ ಪತ್ರವನ್ನು ಪಡೆಯತಕ್ಕದ್ದು. ಅಂದರೆ ಹೋಗಲು ಅನುಮತಿಯನ್ನು ಕೊಟ್ಟ ಮೇಲೆಯೇ ಅವನು ಹೋಗುತ್ತಾನೆ. ಹೋದ ಮೇಲೆ ದ್ರೋಹವೆಂದರೆ ಅದು ನ್ಯಾಯವಾಗಲಾರದು. ತಂಡವು ಆಟಗಾರನನ್ನು ಕೈಬಿಟ್ಟರೆ ಅದಕ್ಕೆ 'ಆಯ್ಕೆ' ಎಂದು ಹೆಸರು. ಆಟಗಾರನು ತಂಡವನ್ನು ಬಿಟ್ಟರೆ ಅದಕ್ಕೆ 'ದ್ರೋಹ' ಎಂದು ಹೆಸರು. ಒಂದೇ ಕೆಲಸವನ್ನು ಇಬ್ಬರು ಮಾಡಿದರೆ ಎರಡು ತಕ್ಕಡಿಗಳಲ್ಲಿ ತೂಗುವುದು ಯಾವ ಅಂಗಡಿಯ ಪದ್ಧತಿ?

ಆಯ್ಕೆಗಾರರ ಕಡೆಯ ವಾದವನ್ನೂ ಹೇಳಬೇಕು. ತಂಡದಲ್ಲಿ ಇರುವುದು ಹನ್ನೊಂದೇ ಸ್ಥಾನ. ಹಿರಿಯನೊಬ್ಬನು ಅಲ್ಲೇ ಕುಳಿತರೆ ಕಿರಿಯನು ಹೊರಗೆ ನಿಲ್ಲಬೇಕಾಗುತ್ತದೆ. ಆ ವಡೋದರ ಪಂದ್ಯದಲ್ಲೇ ತರುಣ ಸ್ಮರಣ್ ರವಿಚಂದ್ರನ್ ಶತಕ ಹೊಡೆದರು, ಕರ್ನಾಟಕ ಗೆದ್ದಿತು. ಆದುದರಿಂದ ಕೈಬಿಟ್ಟದ್ದೇ ಅಪರಾಧವೆಂದು ನಾನು ಹೇಳುವುದಿಲ್ಲ. ಕೈಬಿಡುವ ಹಕ್ಕು ತಂಡಕ್ಕೆ ಇರುವಾಗ ಹೊರಡುವ ಹಕ್ಕು ಆಟಗಾರನಿಗೂ ಇರಲಿ ಎಂಬಷ್ಟೇ ನನ್ನ ವಾದ.

ಈ ಪ್ರಶ್ನೆ ನಮ್ಮ ದೇಶದ್ದು ಮಾತ್ರವಲ್ಲ. ಅಮೆರಿಕದಲ್ಲಿ ಒಪ್ಪಂದದ ಅವಧಿ ಮುಗಿದ ಆಟಗಾರನು ತನಗೆ ಬೇಕಾದ ತಂಡವನ್ನು ಸೇರಲು ಸ್ವತಂತ್ರನು. ಅಂಥವನನ್ನು ಅಲ್ಲಿ 'ಫ್ರೀ ಏಜೆಂಟ್' ಎಂದು ಕರೆಯುತ್ತಾರೆ. ಬ್ಯಾಸ್ಕೆಟ್‌ಬಾಲ್ ಆಟದ ಲೆಬ್ರಾನ್ ಜೇಮ್ಸರ ಹೆಸರನ್ನು ನಮ್ಮಲ್ಲಿ ಅನೇಕರು ಕೇಳಿರಬಹುದು. ಅವರು ಹುಟ್ಟಿದ್ದು ಒಹಾಯೊ ಪ್ರಾಂತದ ಆಕ್ರನ್ ಎಂಬ ಊರಿನಲ್ಲಿ. ಅದರ ಸಮೀಪದ ದೊಡ್ಡ ಪಟ್ಟಣವಾದ ಕ್ಲೀವ್‌ಲ್ಯಾಂಡಿನ ತಂಡಕ್ಕೆ ೨೦೦೩ರಿಂದ ಏಳು ಋತುಗಳ ಕಾಲ ಆಡಿದರು. ೨೦೧೦ರ ಜುಲೈ ೮ರಂದು ಟೆಲಿವಿಷನ್ನಿನ ಮುಂದೆ ಕುಳಿತು, ತಾನು ಮಯಾಮಿಗೆ ಹೋಗುವೆನೆಂದು ಸಾರಿದರು. ಕ್ಲೀವ್‌ಲ್ಯಾಂಡಿನ ಬೀದಿಗಳಲ್ಲಿ ಜನರು ಅವರ ಹೆಸರಿನ ಅಂಗಿಗಳನ್ನು ಸುಟ್ಟರು. ತಂಡದ ಮಾಲೀಕರು ನಿಂದೆಯ ಬಹಿರಂಗ ಪತ್ರವನ್ನೇ ಬರೆದರು.

ಈ ಕೋಪವೆಲ್ಲ ಬರಿಯ ಅಭಿಮಾನದ ಕೋಪವೆಂದು ತಳ್ಳಿಹಾಕಲಾಗದು. ಡೇನಿಯಲ್ ಶೋಗ್, ಸ್ಟಾನ್ ವ್ಯೂಗರ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು ೨೦೧೭ರಲ್ಲಿ ಇದನ್ನು ಲೆಕ್ಕ ಹಾಕಿದರು. ಜೇಮ್ಸರು ಒಂದು ಊರಿನಲ್ಲಿ ಆಡುತ್ತಿದ್ದಾಗ ಅಲ್ಲಿಯ ಕ್ರೀಡಾಂಗಣದ ಒಂದು ಮೈಲಿಯೊಳಗಿನ ಹೋಟೆಲು, ಪಾನಗೃಹಗಳ ಸಂಖ್ಯೆ ಸುಮಾರು ಶೇಕಡಾ ೧೩ರಷ್ಟೂ, ಅವುಗಳಲ್ಲಿ ದುಡಿಯುವವರ ಸಂಖ್ಯೆ ಸುಮಾರು ಶೇಕಡಾ ೨೩ರಷ್ಟೂ ಹೆಚ್ಚಿದ್ದಿತೆಂದು ಅವರು ಕಂಡರು. ಆಟಗಾರನು ಹೊರಟರೆ ಹೋಟೆಲಿನಲ್ಲಿ ತಟ್ಟೆ ತೊಳೆಯುವವನ ಕೂಲಿಗೂ ಪೆಟ್ಟು ಬೀಳುತ್ತದೆ. ಆದುದರಿಂದ ಊರಿಗೆ ಮಾತನಾಡುವ ಅಧಿಕಾರವೇ ಇಲ್ಲವೆಂಬ ವಾದವೂ ನನಗೆ ಸಮ್ಮತವಲ್ಲ.

ಮುಂದೆ ನಡೆದುದನ್ನು ನೋಡಿರಿ. ಜೇಮ್ಸರು ಮಯಾಮಿಯಲ್ಲಿ ಎರಡು ಸಲ ಪ್ರಶಸ್ತಿ ಗೆದ್ದು, ೨೦೧೪ರಲ್ಲಿ ಕ್ಲೀವ್‌ಲ್ಯಾಂಡಿಗೆ ಮರಳಿದರು. ಅಂಗಿ ಸುಟ್ಟ ಊರು ಬಾಗಿಲು ತೆರೆಯಿತು; ಪತ್ರ ಬರೆದ ಮಾಲೀಕರೂ ಒಪ್ಪಿದರು. ೨೦೧೬ರಲ್ಲಿ ಕ್ಲೀವ್‌ಲ್ಯಾಂಡು ಪ್ರಶಸ್ತಿಯನ್ನು ಗೆದ್ದಿತು. ೧೯೬೪ರ ಬಳಿಕ, ಎಂದರೆ ೫೨ ವರ್ಷಗಳ ತರುವಾಯ, ಆ ಪಟ್ಟಣಕ್ಕೆ ದೊಡ್ಡ ಆಟವೊಂದರಲ್ಲಿ ದೊರೆತ ಮೊದಲ ಕಿರೀಟ ಅದು. ೨೦೧೮ರಲ್ಲಿ ಅವರು ಮತ್ತೆ ಲಾಸ್ ಏಂಜಲೀಸಿಗೆ ಹೋದರು. ಈ ಸಲ ಮೊದಲಿನ ಕೋಲಾಹಲವಿರಲಿಲ್ಲ. ಅದೇ ತಿಂಗಳು ಆಕ್ರನ್ನಿನಲ್ಲಿ ಅವರ ಪ್ರತಿಷ್ಠಾನದ ನೆರವಿನಿಂದ, ಓದಿನಲ್ಲಿ ಹಿಂದುಳಿದ ಮಕ್ಕಳಿಗಾಗಿ ಒಂದು ಸಾರ್ವಜನಿಕ ಶಾಲೆ ತೆರೆಯಿತು. ಮೊದಲ ಸಲ ಹೋದ ರೀತಿಗೂ ಎರಡನೆಯ ಸಲ ಹೋದ ರೀತಿಗೂ ಇರುವ ವ್ಯತ್ಯಾಸವನ್ನು ವಾಚಕರೇ ಗಮನಿಸಬಹುದು. ಊರು ಬಿಟ್ಟದ್ದು ಎರಡು ಸಲವೂ ನಿಜ. ಊರಿಗೆ ಏನನ್ನು ಬಿಟ್ಟು ಹೋದರೆಂಬುದು ಮಾತ್ರ ಬೇರೆ.

ಈಗ ನಮ್ಮ ಕಡೆಗೆ ಬರೋಣ. ನಮ್ಮ ಚಿಕ್ಕಮಗಳೂರು ಜಿಲ್ಲೆಯ ಕಡೂರಿನ ವೇದಾ ಕೃಷ್ಣಮೂರ್ತಿಯವರು ೨೦೧೭ರ ವಿಶ್ವಕಪ್ಪಿನಲ್ಲಿ ನ್ಯೂಜಿಲೆಂಡಿನ ವಿರುದ್ಧ ೪೫ ಎಸೆತಗಳಲ್ಲಿ ೭೦ ಓಟ ಹೊಡೆದು ಭಾರತವನ್ನು ಉಪಾಂತ್ಯಕ್ಕೆ ಸೇರಿಸಲು ನೆರವಾದರು. ಆ ಆಟವನ್ನು ಕಲಿಯಲು ಅವರು ಕಡೂರನ್ನು ಬಿಟ್ಟು ಬೆಂಗಳೂರಿಗೆ ಹೋಗಬೇಕಾಯಿತು. ಅವರಿಗಿಂತ ಎಷ್ಟೋ ಮುಂಚೆ ಭದ್ರಾವತಿಯ ಗುಂಡಪ್ಪ ವಿಶ್ವನಾಥರು, ೧೯೬೯ರಲ್ಲಿ ಕಾನ್ಪುರದಲ್ಲಿ ಆಸ್ಟ್ರೇಲಿಯದ ವಿರುದ್ಧ ತಮ್ಮ ಮೊದಲ ಟೆಸ್ಟಿನಲ್ಲೇ ಒಂದು ಇನ್ನಿಂಗ್ಸಿನಲ್ಲಿ ಸೊನ್ನೆ, ಇನ್ನೊಂದರಲ್ಲಿ ೧೩೭ ಹೊಡೆದವರು, ಬೆಳೆದು ಹೆಸರಾದದ್ದೂ ಬೆಂಗಳೂರಿನಲ್ಲೇ. ಕಡೂರಾಗಲಿ ಭದ್ರಾವತಿಯಾಗಲಿ ಇವರನ್ನು ದ್ರೋಹಿಗಳೆಂದು ಕರೆದುದುಂಟೆ? ಇಲ್ಲ. 'ನಮ್ಮೂರವರು' ಎಂದು ಇಂದಿಗೂ ಹೆಮ್ಮೆಪಡುತ್ತವೆ. ಸಣ್ಣ ಊರಿನಿಂದ ಬೆಂಗಳೂರಿಗೆ ಹೋದರೆ ಅದು ಏಳಿಗೆ; ಬೆಂಗಳೂರಿನಿಂದ ನಾಗಪುರಕ್ಕೆ ಹೋದರೆ ಅದು ದ್ರೋಹ. ತನ್ನಲ್ಲಿಗೆ ಬಂದವರನ್ನೆಲ್ಲ ನಮ್ಮವರೆಂದು ಎಣಿಸುವ ದೊಡ್ಡ ಊರು, ತನ್ನಿಂದ ಹೊರಟವನ ಮೇಲೆ ಮಾತ್ರ ಹಕ್ಕು ಸಾಧಿಸುತ್ತದೆ. ಸಣ್ಣ ಊರುಗಳು ತಲೆಮಾರುಗಳಿಂದ ಮಕ್ಕಳನ್ನು ಕಳುಹಿಸುತ್ತಲೇ ಬಂದಿವೆ. ಹರಸಿ ಕಳುಹಿಸುವುದು ಹೇಗೆಂಬ ವಿದ್ಯೆಯನ್ನು ದೊಡ್ಡ ಊರುಗಳು ನಮ್ಮಿಂದ ಕಲಿಯಬಹುದು.

ಆದರೆ ಕಳುಹಿಸಿದ ಮೇಲೆ ಮರಳಿ ಕರೆಯುವ ವಿದ್ಯೆ ನಮಗೂ ಬಾರದು. ನಮ್ಮ ಅಡ್ಡಗದ್ದೆಯ ಕಡೆಯನ್ನೇ ತೆಗೆದುಕೊಳ್ಳಿ. ಮಳೆಗಾಲದ ನಾಲ್ಕು ತಿಂಗಳು ಬಯಲಲ್ಲಿ ಆಡುವ ಮಾತೇ ಇಲ್ಲ. ಕೊಯ್ಲಾದ ಮೇಲೆ ಗದ್ದೆಯಲ್ಲೇ ಪಿಚ್ಚು. ಆ ಗದ್ದೆಗಳೂ ಒಂದೊಂದಾಗಿ ಅಡಕೆ ತೋಟಗಳಾದವು. ತೋಟಕ್ಕೆ ಹಳದಿ ಎಲೆ ರೋಗ, ಈಚೆಗೆ ಎಲೆಚುಕ್ಕೆ ರೋಗ. ಫಸಲು ನಂಬಿದ ಮನೆಗಳ ಹುಡುಗರು ಬೆಂಗಳೂರಿನ ಬಸ್ಸು ಹತ್ತಿದರು. ಚಳಿಗಾಲದಲ್ಲಿ ವಾಲಿಬಾಲ್, ಕಬಡ್ಡಿ ಪಂದ್ಯಗಳಾದಾಗ ಅನೇಕ ಕಡೆ 'ಪಂಚಾಯಿತಿ ವ್ಯಾಪ್ತಿಯವರಿಗೆ ಮಾತ್ರ' ಎಂಬ ನಿಬಂಧನೆ ಇರುತ್ತದೆ. ಗುರುತಿನ ಚೀಟಿಯಲ್ಲಿ ಊರಿನ ವಿಳಾಸ ತೋರಿಸಬೇಕು. ದುಡ್ಡು ಕೊಟ್ಟು ಹೊರಗಿನ ಆಟಗಾರರನ್ನು ತರುವುದನ್ನು ತಡೆಯಲು ಮಾಡಿದ ನಿಯಮ ಅದು, ಅದರ ಉದ್ದೇಶ ಒಳ್ಳೆಯದೇ. ಆದರೆ ಬೆಂಗಳೂರಿನಲ್ಲಿ ಕೆಲಸಕ್ಕಿದ್ದು ವಿಳಾಸ ಬದಲಾಯಿಸಿಕೊಂಡವನು, ರಾತ್ರಿಯಿಡೀ ಬಸ್ಸಿನಲ್ಲಿ ಬಂದು, ತಾನು ಆಟ ಕಲಿತ ಅಂಕಣದ ಹೊರಗೆ ನಿಂತು ನೋಡಬೇಕಾಗುತ್ತದೆ. ಅವನು ಊರನ್ನು ಬಿಟ್ಟನೆಂದು ನಾವು ಕೊರಗುತ್ತೇವೆ. ಬಂದಾಗ ಅವನಿಗೆ ಜಾಗವಿಲ್ಲವೆನ್ನುತ್ತೇವೆ.

ಇದು ಆಟಕ್ಕೆ ಮಾತ್ರ ಸಂಬಂಧಿಸಿದ ಸಂಗತಿಯೆಂದು ವಾಚಕರು ತಿಳಿಯಬಾರದು. ನಮ್ಮ ತರಗತಿಯಲ್ಲಿ ನನ್ನಂತೆ ಮನೆಯಲ್ಲಿ ಮೊದಲನೆಯವರಾಗಿ ಪದವಿಯವರೆಗೆ ಬಂದವರು ಹಲವರಿದ್ದಾರೆ. ಇನ್ನು ಕೆಲವೇ ತಿಂಗಳಲ್ಲಿ ನಾವೆಲ್ಲ ಒಪ್ಪಂದ ಮುಗಿದ ಆಟಗಾರರೇ. ಮನೆಯವರು 'ಓದಿದವ ಊರಲ್ಲಿ ನಿಲ್ಲುತ್ತಾನೆಯೇ' ಎಂದು ಒಂದು ಉಸಿರಿನಲ್ಲಿ ಕೊರಗುತ್ತಾರೆ, 'ಓದಿದವ ಊರಲ್ಲಿ ಏಕೆ ಕುಳಿತ' ಎಂದು ನೆರೆಯವರು ಇನ್ನೊಂದು ಉಸಿರಿನಲ್ಲಿ ಕೇಳುತ್ತಾರೆ. ಹೋದರೆ ಕೃತಘ್ನ, ಉಳಿದರೆ ನಿಷ್ಪ್ರಯೋಜಕ. ಹೀಗೆ ಎರಡು ಕಡೆಯೂ ದೂರುವ ಊರಿನಲ್ಲಿ ಯಾವ ತೀರ್ಮಾನ ತಾನೇ ಸರಿಯೆನಿಸೀತು? ನನ್ನ ಮಟ್ಟಿಗೆ ಹೇಳುವುದಾದರೆ, ಹೊರಡುವವನನ್ನು ತಡೆಯುವ ಹಕ್ಕನ್ನು ಊರು ಬಿಟ್ಟುಕೊಡಲಿ. ಕರೆಯುವ ಹಕ್ಕನ್ನು ಉಳಿಸಿಕೊಳ್ಳಲಿ. ಹೊರಡುವವನು ಹೇಳಿ ಹೊರಡಲಿ, ಕರೆದಾಗ ಬರಲಿ, ತನ್ನ ಹಿಂದೆ ಬರುವ ಹುಡುಗನಿಗೆ ಏನನ್ನಾದರೂ ಬಿಟ್ಟು ಹೋಗಲಿ. ಋಣವೆಂದರೆ ಇಷ್ಟೆಂದು ನನ್ನ ತಿಳುವಳಿಕೆ.

ಮಾತಿಗಿಂತ ಕೆಲಸ ಸುಲಭವಾಗುವಂತೆ ಎರಡು ಸಲಹೆಗಳನ್ನು ಸೂಚಿಸುತ್ತೇನೆ. ಒಂದು, ನಮ್ಮ ಊರುಗಳ ಪಂದ್ಯಗಳಲ್ಲಿ ಪ್ರತಿ ತಂಡದಲ್ಲೂ ಆ ಊರಿನಲ್ಲಿ ಹುಟ್ಟಿ ಅಥವಾ ಶಾಲೆ ಕಲಿತು ಹೊರಗೆ ನೆಲೆಸಿದವರಿಗಾಗಿ ಎರಡು ಸ್ಥಾನಗಳನ್ನು ಮೀಸಲಿಡಲಿ. ಊರಿನ ಶಾಲೆಯ ದಾಖಲೆಯೇ ಸಾಕ್ಷಿಯಾಗಲಿ. ಎರಡು, ನಮ್ಮ ಕಾಲೇಜಿನ ವಾರ್ಷಿಕ ಕ್ರೀಡಾಕೂಟದಲ್ಲಿ ಒಂದು ದಿನವನ್ನು ಹಳೆಯ ವಿದ್ಯಾರ್ಥಿಗಳಿಗೆಂದು ಬಿಡಲಿ. ಬಂದವರು ಒಂದು ಚೆಂಡನ್ನೋ ಒಂದು ಬಲೆಯನ್ನೋ ಕಾಲೇಜಿಗೆ ಕೊಟ್ಟರೆ ಸಾಕು. ಅದನ್ನೂ ತರಲಾಗದವರು ಬಂದು ಒಂದು ಆಟ ಆಡಿದರೂ ಸಾಕು. ದೈಹಿಕ ಶಿಕ್ಷಣದ ಅಧ್ಯಾಪಕರು ಇದನ್ನು ಯೋಚಿಸಬೇಕೆಂದು ವಿನಂತಿ.

ಕರುಣ್ ನಾಯರರ ಕಥೆಯ ಮುಂದಿನ ಭಾಗವನ್ನು ಹೇಳಿ ಮುಗಿಸುತ್ತೇನೆ. ೨೦೨೫ರಲ್ಲಿ ಅವರು ಕರ್ನಾಟಕಕ್ಕೆ ಮರಳಿದರು. ಆ ವರ್ಷದ ಅಕ್ಟೋಬರಿನಲ್ಲಿ ನಮಗೆ ಹತ್ತಿರದ ಶಿವಮೊಗ್ಗದಲ್ಲೇ ಗೋವೆಯ ವಿರುದ್ಧ ಔಟಾಗದೆ ೧೭೪ ಓಟಗಳನ್ನು ಗಳಿಸಿದರು. ಮುಂದಿನ ಪಂದ್ಯದಲ್ಲಿ ಕೇರಳದ ವಿರುದ್ಧ ೨೩೩. ಅದೇ ಇನ್ನಿಂಗ್ಸಿನಲ್ಲಿ ಸ್ಮರಣ್ ರವಿಚಂದ್ರನ್ನರೂ ಔಟಾಗದೆ ೨೨೦ ಗಳಿಸಿದರು. ಹಿರಿಯನು ಬಂದರೆ ಕಿರಿಯನಿಗೆ ಎಡೆಯಿಲ್ಲವೆಂಬ ಅಂಜಿಕೆಗೆ ಆ ದಿನ ಉತ್ತರ ದೊರೆಯಿತು. ಹೋದಾಗ ಬಾಗಿಲು ಹಾಕಿಬಿಟ್ಟಿದ್ದರೆ ಆ ಓಟಗಳು ಕರ್ನಾಟಕದ ಲೆಕ್ಕಕ್ಕೆ ಬರುತ್ತಿದ್ದವೆ? ನಮ್ಮ ನಮ್ಮ ಊರಿನ ಬಾಗಿಲುಗಳ ವಿಷಯದಲ್ಲೂ ಹಿರಿಯರು ಈ ಪ್ರಶ್ನೆಯನ್ನು ಕೇಳಿಕೊಳ್ಳಲಿ.