ದುಡ್ಡು ನಮ್ಮದು, ಫೋನಿನ ಬೀಗ ಅವರದ್ದು

2011ರ ಸುಮಾರಿಗೆ ಯಲಹಂಕದ ಮೊಬೈಲ್ ಅಂಗಡಿಗಳಲ್ಲಿ ನಾವು ಕೇಳುತ್ತಿದ್ದದ್ದು ಒಂದೇ: "ಅಣ್ಣ, ಇದ್ರಲ್ಲಿ ಕನ್ನಡ ಬರೋ ಹಂಗೆ ಮಾಡ್ಕೊಡಿ." ಅಂದಿನ ಬಹುಪಾಲು ಆಂಡ್ರಾಯ್ಡ್ ಫೋನುಗಳಲ್ಲಿ ಕನ್ನಡದ ಜಾಗದಲ್ಲಿ ಖಾಲಿ ಚೌಕ ಕಾಣುತ್ತಿತ್ತು. ರೂಟ್ ಮಾಡಿ, ಅಂದರೆ ಕಂಪನಿ ಹಾಕಿದ ಬೀಗ ಒಡೆದು, ಫಾಂಟ್ ತುರುಕಬೇಕಿತ್ತು. ವಾರಂಟಿ ಹೋಗುವ ಭಯ ಬೇರೆ. ಅಷ್ಟು ಮಾಡಿದರೂ ಒತ್ತಕ್ಷರ ಪಕ್ಕಕ್ಕೆ ಬಿದ್ದಿರುತ್ತಿತ್ತು! ಆಂಡ್ರಾಯ್ಡ್‌ಗೇ ಕನ್ನಡ ಬಂದದ್ದು 2012ರಲ್ಲಿ, 4.1ನೇ ಆವೃತ್ತಿಗೆ.

ಈಗ ಬೀಗ ಇನ್ನೂ ಗಟ್ಟಿಯಾಗುತ್ತಿದೆ. ಹೆಸರು, ವಿಳಾಸ ಕೊಟ್ಟು ತನ್ನಲ್ಲಿ ನೋಂದಾಯಿಸಿಕೊಳ್ಳದವರ ಆ್ಯಪ್ ಫೋನಿಗೆ ಇಳಿಯದಂತೆ ಮಾಡುವುದಾಗಿ ಗೂಗಲ್ 2025ರ ಆಗಸ್ಟ್‌ನಲ್ಲಿ ಹೇಳಿತು. ಪ್ಲೇ ಸ್ಟೋರ್‌ಗೆ ಹಾಕದೆ ಕೈಯಿಂದ ಕೈಗೆ ಹಂಚಿದ ಆ್ಯಪ್‌ಗೂ ಇದೇ ನಿಯಮ. 2026ರ ಸೆಪ್ಟೆಂಬರ್‌ನಲ್ಲಿ ಬ್ರೆಜಿಲ್, ಇಂಡೋನೇಷ್ಯಾ, ಸಿಂಗಪುರ, ಥಾಯ್ಲೆಂಡ್. 2027ರಿಂದ ಉಳಿದ ದೇಶಗಳು ಎಂದಿತ್ತು.

ಕಾರಣ ಮೋಸ. ನಿಜ, ವಾಟ್ಸಾಪ್‌ನಲ್ಲಿ ಬಂದ "ಮದುವೆ ಆಮಂತ್ರಣ" ಒತ್ತಿ ದುಡ್ಡು ಕಳೆದುಕೊಂಡವರಿದ್ದಾರೆ. ಆದರೆ ಸುಳ್ಳು ದಾಖಲೆ ಹುಟ್ಟಿಸುವುದು ಕಳ್ಳನಿಗೆ ಕಷ್ಟವೇ? ಸಿಕ್ಕಿಬೀಳುವವನು ಡೈರಿ ಹಾಲಿನ ಲೆಕ್ಕಕ್ಕೆ ಸಣ್ಣ ಆ್ಯಪ್ ಬರೆದು ಹತ್ತು ಮನೆಗೆ ಹಂಚುವ ನಮ್ಮೂರ ಹುಡುಗ. ಕೂಗೆದ್ದ ಮೇಲೆ ವಿದ್ಯಾರ್ಥಿಗಳಿಗೆ ಬೇರೆ ಖಾತೆ, "ಅನುಭವಿ" ಬಳಕೆದಾರರಿಗೆ ಬೇರೆ ದಾರಿ ಎಂದು ಗೂಗಲ್ ಹೇಳಿದೆ. ಒಂದೇ ಹೊಡೆತಕ್ಕೆ ಹತ್ತು ಸಾವಿರ ಕೊಟ್ಟು ಫೋನ್ ತಂದ ರೈತ ಅನುಭವಿಯೋ ಅಲ್ಲವೋ, ತೀರ್ಮಾನಿಸುವವರು ಯಾರು ಸ್ವಾಮಿ?

ಎಚ್ಚರಿಕೆಯನ್ನು ದಪ್ಪ ಅಕ್ಷರದಲ್ಲಿ, ಕನ್ನಡದಲ್ಲೇ ತೋರಿಸಲಿ. "ಹಾಕು" ಅನ್ನುವ ಗುಂಡಿಯನ್ನು ನಮ್ಮ ಬೆರಳಿಗೆ ಬಿಡಲಿ.